ಕಲಂ ಏಳು: ಹಿಂದಿನ ಬೇನೆ

೧೪ ನವೆಂಬರ್ ೧೯೭೭, ವಿಜಾಪುರ

ಅರಳೆ ಗಿರಣಿಯ ಗೇಟಿಗೆ ಇವತ್ತು ಬೀಗ ಬಿತ್ತು. ಮಾಲಕರು ಎಲ್ಲರ ಕೈಗೂ ಒಂದೊಂದು ತೆಂಗಿನಕಾಯಿ ಕೊಟ್ಟು ಕೈಮುಗಿದರು. ಹದಿನೆಂಟು ವರ್ಷ ಅಲ್ಲಿ ಕೂತು ಅರಳೆಯ ಅಂಡಿಗೆಗಳಿಗೆ ಚೀಟಿ ಬರೆದೆ. ಕನ್ನಡದಲ್ಲಿ ಬಿ.ಎ. ಮಾಡಿದವನ ಅಕ್ಷರ, ಅಂಡಿಗೆಗಳು ಒಮ್ಮೆಯೂ ತಕರಾರು ಮಾಡಲಿಲ್ಲ.

ಗಿರಣಿಗೆ ಹಾಕಿದರು ಬೀಗ;
ಬೇನೆಗೆ ಹಾಕುವವರು ಯಾರು ಈಗ?

ನೌಕರಿಯ ಚಿಂತೆಯಿಲ್ಲ. ಡಿಸೆಂಬರ್ ಒಂದರಿಂದ ತಿಕೋಟಾದ ಸಹಕಾರಿ ಸಂಘದಲ್ಲಿ ಕ್ಲಾರ್ಕ್ ಆಗಿ ಕರೆದಿದ್ದಾರೆ. ಚಿಂತೆ ಇರುವುದು ಸೂಜಿಯದು. ಗಿರಣಿಗೆ ಅದರದೇ ಆರೋಗ್ಯ ನಿಧಿ ಇತ್ತು, ಆರು ವರ್ಷದಿಂದ ನನ್ನ ಇನ್ಸುಲಿನ್ ಅಲ್ಲಿಂದಲೇ ಬರುತ್ತಿತ್ತು. ದಾವಲಬಿ ತೀರಿಕೊಂಡ ವರ್ಷವೇ ಸಕ್ಕರೆ ಬೇನೆ ಹತ್ತಿತು. ಹೆಂಡತಿ ಎದ್ದುಹೋದ ಜಾಗದಲ್ಲಿ ಅದು ಬಂದು ಕೂತಿತು, ಆಕೆಗಿಂತ ಹೆಚ್ಚು ಕಟ್ಟುನಿಟ್ಟು.

ಸಂಘದವರಿಗೂ ಒಂದು ಆರೋಗ್ಯ ನಿಧಿ ಇದೆಯಂತೆ, ಜಿಲ್ಲೆಯ ಎಲ್ಲ ಸಹಕಾರಿ ನೌಕರರದ್ದು. ಫಾರ್ಮು ಕೊಟ್ಟಿದ್ದಾರೆ. ಕಲಂ ಏಳು: "ಈ ಹಿಂದಿನಿಂದ ಯಾವುದಾದರೂ ಬೇನೆ ಇದೆಯೆ? ಇದ್ದರೆ ಹೆಸರು." ಇದೆ ಎಂದರೆ ಆ ಬೇನೆಗೆ ನಿಧಿಯಿಂದ ಎಂದಿಗೂ ಔಷಧವಿಲ್ಲ. ಇಲ್ಲ ಎಂದು ಬರೆದು ಹತ್ತು ತಿಂಗಳು ತಕರಾರಿಲ್ಲದೆ ಕಳೆದರೆ, ಆಮೇಲೆ ಬರುವ ಬೇನೆಯೆಲ್ಲ ಹೊಸದು, ನಿಧಿಯದು.

ಹೆಂಗಸರು ಒಂಬತ್ತು ತಿಂಗಳು ಹೊತ್ತು ಕೂಸು ಹಡೆಯುತ್ತಾರೆ. ನಾನು ಹತ್ತು ತಿಂಗಳು ಹೊತ್ತು ಒಂದು "ಇಲ್ಲ" ಹಡೆಯಬೇಕು.

೨೫ ನವೆಂಬರ್

ನಿಧಿಯ ಡಾಕ್ಟರ ಮುಂದೆ ತಪಾಸಣೆ ಆಯಿತು. ನಾಲಿಗೆ ನೋಡಿದರು, ಎದೆ ಬಡಿದರು, ಸೀಸೆ ಕೊಟ್ಟು ಮೂತ್ರ ತರಲು ಹೇಳಿದರು. ಬೆಳಿಗ್ಗೆಯೇ ಪೂರ್ತಿ ಸೂಜಿ ಚುಚ್ಚಿಕೊಂಡು ಏನೂ ತಿನ್ನದೆ ಹೋಗಿದ್ದೆ. ಕಂಪೌಂಡರ್ ನೀಲಿ ಔಷಧದಲ್ಲಿ ಮೂತ್ರದ ಹನಿ ಹಾಕಿ ಕುದಿಸಿದ. ನಾನು ಮನೆಯಲ್ಲಿ ದಿನಾ ಮಾಡಿಕೊಳ್ಳುವುದೂ ಅದನ್ನೇ. ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಂಗಿಯ ಕೆಂಪು. ನೀಲಿ ಉಳಿಯಿತು. ಜೀವಮಾನದಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದು ಇದೊಂದೇ ಪರೀಕ್ಷೆ.

ಕಲಂ ಏಳಕ್ಕೆ "ಇಲ್ಲ" ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದಿದೆ.

೨ ಡಿಸೆಂಬರ್, ತಿಕೋಟಾ

ಕೋಣೆ ಸಿಕ್ಕಿದೆ. ಮನೆಯ ಒಡತಿ ಪೀರಾಂಬಿ, ಎಪ್ಪತ್ತರ ವಿಧವೆ, ಎರಡು ಆಡು, ಒಂದು ಬೇವಿನಮರ. ಖಾಲಾ ಅಂತ ಕರೆಯುತ್ತೇನೆ. ನನ್ನ ಜೊತೆ ಕನ್ನಡ ಮಾತಾಡುತ್ತಾಳೆ, ಬೈಯುವಾಗ ಮಾತ್ರ ನಮ್ಮ ಮನೆಮಾತಿಗೆ ಇಳಿಯುತ್ತಾಳೆ. ಮೂಲೆಯಲ್ಲಿ ಗಡಿಗೆ ಹೂಳಿ, ಹಸಿ ಉಸುಕು ತುಂಬಿ, ಅದರಲ್ಲಿ ಇನ್ಸುಲಿನ್ ಸೀಸೆ ಇಟ್ಟು ಮೇಲೆ ಮುಚ್ಚಳ ಹಾಕಿದ್ದೇನೆ. ಖಾಲಾ ಕೇಳಿದಳು, "ಏನ ಹುಗದಿ ಬೇಟಾ, ಬಂಗಾರೇನ?" ಕಣ್ಣಿಗೆ ಹಾಕುವ ಔಷಧ ಅಂದೆ.

ಸಂಘದ ಸೆಕ್ರೆಟರಿ ಮಲಕಾಜಪ್ಪ ಬಾಗಿಲಲ್ಲೇ ನಿಂತು ಸ್ವಾಗತ ಮಾಡಿದರು. ಎದುರಿನ ಬುಡ್ಡೇಸಾಬನ ಚಹಾ ಅಂಗಡಿಯಿಂದ ಕಪ್ಪು ಬಂತು. ಸಕ್ಕರೆ ಚಮಚ ನಿಲ್ಲುವಷ್ಟು.

"ಬ್ಯಾಡ್ರಿ, ಈಗಷ್ಟ ಕುಡದೀನಿ."

"ಏ, ಹಂಗಂದ್ರ ಹೆಂಗ್ರಿ ಸಾಹೇಬರ? ಮೊದಲನೇ ದಿನಾ ಚಾ ಒಲ್ಲೆ ಅಂದವರು ನಮ್ಮ ಸಂಘದಾಗ ಒಬ್ಬರ ಉಳದಿಲ್ಲ."

ಕುಡಿದೆ. ಹನ್ನೊಂದಕ್ಕೊಂದು, ಮೂರಕ್ಕೊಂದು, ಯಾರಾದರೂ ಬಂದರೆ ಅವರದೊಂದು.

ಒಲ್ಲೆನೆಂದರೆ ಊರಿಗೆ ಸಿಟ್ಟು,
ಕುಡಿದರೆ ನನಗೆ ಸೂಜಿಯ ಪೆಟ್ಟು.

ಸಂಜೆ ಬಣ್ಣ ಹಳದಿ.

೯ ಡಿಸೆಂಬರ್

ಸಂಘದ ಉಳಿದ ನೌಕರರೂ ಈ ವರ್ಷವೇ ನಿಧಿಗೆ ಸೇರುತ್ತಿದ್ದಾರೆ. ಅಕ್ಷರ ಚೆಂದ ಎಂದು ಎಲ್ಲರ ಫಾರ್ಮು ನನ್ನ ತಲೆಗೆ. ನಿನ್ನೆ ಬಬಲೇಶ್ವರದ ಶಾಖೆಗೆ ಹೋಗಿ ಅಲ್ಲಿಯವರದು ಮುಗಿಸಿ ಬಂದೆ. ಅಲ್ಲಿ ಕಸ ಹೊಡೆಯುವ ಬೋರವ್ವ ಕಲಂ ಏಳು ಕೇಳಿಸಿಕೊಂಡು, "ಹಿಂದಿನ ಬ್ಯಾನಿ ಅಂದ್ರ ಮದಿವಿ ಹಿಂದಿನವೋ, ಮುಂದಿನವೋ?" ಅಂದಳು. ಇರುವುದನ್ನೆಲ್ಲ ಹೇಳು ಅಂದೆ. "ಹಂಗಾರ ಮೊಣಕಾಲ ಬರೀರಿ. ನಮ್ಮ ಅತ್ತಿನ್ನೂ ಬರೀರಿ. ಆಕಿ ಬೆನ್ನ ಹತ್ತಿ ಮೂವತ್ತ ವರ್ಷಾತು, ಯಾ ಔಷಧಕ್ಕೂ ಬಗ್ಗವಲ್ಲಳು."

ಬರೆಯುವ ಜಾಗ ಬೆರಳಗಲ,
ಜನರ ಬೇನೆ ಊರಗಲ.

ಇವತ್ತು ಇಲ್ಲಿಯ ಗೋದಾಮಿನ ಹಮಾಲ ಬೀರಣ್ಣ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಘೋಣಸಗಿಯವನು, ನನ್ನ ವಾರಿಗೆಯವನೇ ಇರಬೇಕು.

"ದಮ್ಮ ಐತ್ರಿ ಸಾಹೇಬರ. ಮೊದಲ ಇರಲಿಲ್ರಿ. ಕುರಿ ಹಿಂದ ದಿನಾನೂ ಹರದಾರಿಗಟ್ಲೆ ಓಡತಿದ್ನಿ. ಈ ಗೋದಾಮಿಗೆ ಬಂದ ಮ್ಯಾಲ, ಆ ಹುಳಾ ಕೊಲ್ಲೂ ಪುಡಿ ಚೀಲ ಹೊತ್ತೂ ಹೊತ್ತೂ… ಒಂದ ಚೀಲ ಒಡದು ಮಾರಿಮ್ಯಾಲೆಲ್ಲಾ ಬಿತ್ರಿ. ಅವತ್ತಿನಿಂದ ಏನಾತಂದ್ರ…"

"ಬೀರಣ್ಣ, ಜಾಗಾ ಇಷ್ಟ ಐತಿ ನೋಡಪಾ," ಎಂದು ಬೆರಳು ಇಟ್ಟು ತೋರಿಸಿದೆ.

"ಹೆಂಗ ಕುಂದರತೈತಿ ಹಂಗ ಬರೀರಿ. ಸುಳ್ಳ ಮಾತ್ರ ಬ್ಯಾಡ್ರಿ."

"ದಮ್ಮು" ಎಂದು ಬರೆದೆ. ಎರಡೇ ಅಕ್ಷರ, ಸರಿಯಾಗಿ ನಡುಮಧ್ಯ ಕೂತವು. ಅವನು ಹೆಬ್ಬೆಟ್ಟು ಒತ್ತಿ, ಹಣೆಗೆ ಹಚ್ಚಿಕೊಂಡು ಹೋದ.

೨೨ ಡಿಸೆಂಬರ್

ನಿನ್ನೆ ಮೊಹರಮ್ ಮುಗಿಯಿತು. ಖಾಲಾ ಬುಟ್ಟಿ ತುಂಬ ಚೊಂಗೆ ಮಾಡಿದ್ದಳು, ಬೆಲ್ಲ ಹಾಕಿ ಬೇಯಿಸಿದ ಗೋಧಿಯ ರೊಟ್ಟಿ. ನನಗೂ ಐದು ತಂದಿಟ್ಟು, "ನನ್ನೆದುರಿಗೇ ತಿನ್ನು" ಅಂದಳು. ಒಂದರ ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ಯಾರೋ ಹೊರಗೆ ಕರೆದರು, ಅವಳು ಹೋದಳು. ನಾನು ಹಿತ್ತಲಿಗೆ ಹೋಗಿ ಉಳಿದದ್ದನ್ನೆಲ್ಲ ಆಡಿನ ಮುಂದೆ ಇಟ್ಟು ಬಂದೆ.

ಆ ಬುದ್ಧಿಗೇಡಿ ಆಡು ಒಂದನ್ನು ಬಾಯಲ್ಲಿ ಕಚ್ಚಿಕೊಂಡು ನೇರ ಪಡಸಾಲೆಗೆ ಹೋಗಿ ಒಡತಿಯ ಮುಂದೆ ನಿಂತಿತು, ಥ್ಯಾಂಕ್ಸ್ ಹೇಳಲು ಬಂದಂತೆ.

ಖಾಲಾ ಏನೂ ಬೈಯಲಿಲ್ಲ, ನಮ್ಮ ಮನೆಮಾತಿಗೂ ಇಳಿಯಲಿಲ್ಲ. "ಅಲೈ ದೇವರ ಹೆಸರಲೆ ಮಾಡಿದ್ದೆ. ಒಲ್ಲೆ ಅಂದಿದ್ರ ಮುಗೀತಿತ್ತು," ಅಂದಳು. ಸಂಜೆ ಅವಳ ಕಡೆಯ ಬಾಗಿಲು ಹಾಕಿತ್ತು.

೧೫ ಜನವರಿ ೧೯೭೮

ನಿನ್ನೆ ಸಂಕ್ರಾಂತಿ. ಆಫೀಸಿನಲ್ಲಿ ಎಲ್ಲರೂ ಕುಸುರೆಳ್ಳು ಕೊಟ್ಟರು, ಎಳ್ಳಿಗೆ ಸಕ್ಕರೆಯ ಮುಳ್ಳು ಮೂಡಿಸಿದ್ದು. ಕೈಯೊಡ್ಡಿ ತೆಗೆದುಕೊಂಡೆ, ಕಿಸೆಗೆ ಹಾಕಿದೆ. ಎರಡೂ ಕಿಸೆ ತುಂಬಿದವು. ಮಲಕಾಜಪ್ಪ ಮನೆಗೆ ಊಟಕ್ಕೆ ಕರೆದರು, ವಿಜಾಪುರದಲ್ಲಿ ಕೆಲಸವಿದೆ ಅಂದೆ. ಕೆಲಸ ಇರಲಿಲ್ಲ. ಹೇಳಿದ್ದು ಸುಳ್ಳಾಗಬಾರದೆಂದು ಕನಮಡಿಯಿಂದ ಬಂದ ಬಸ್ಸು ಹತ್ತಿ ಹೋದೆ. ಗಾಂಧಿ ಚೌಕದಲ್ಲಿ ಎರಡು ಸುತ್ತು ಹಾಕಿದೆ. ನನ್ನ ಗುರುತಿಲ್ಲದ ಔಷಧದ ಅಂಗಡಿ ನೋಡಿ ಒಂದು ಸೀಸೆ ಇನ್ಸುಲಿನ್ ಕೊಂಡೆ. ಸರಕಾರಿ ದವಾಖಾನೆಗೆ ಹೋಗುವಂತಿಲ್ಲ, ನಿಧಿಯ ಡಾಕ್ಟರು ಕೂಡುವುದು ಅಲ್ಲೇ.

ಮುಚ್ಚಿದ ಗಿರಣಿಯ ಮುಂದೆಯೂ ಹೋಗಿ ನಿಂತೆ. ಬೀಗ ಚೆನ್ನಾಗಿದೆ.

ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಯಾರ ಮನೆಗೂ ಹೋಗಬಾರದು, ಹೋದರೆ ಚಹಾ ಬರುತ್ತದೆ. ಯಾರನ್ನೂ ಕರೆಯಬಾರದು, ಕರೆದರೆ ಅವರೂ ಕರೆಯುತ್ತಾರೆ. ಮಾತು ಬೆಳೆಸಬಾರದು. ಪದ್ಧತಿ ಚೆನ್ನಾಗಿ ನಡೆದಿದೆ. ನಿನ್ನೆ ಮರಳಿ ಬಸ್ಸು ಹತ್ತಿದಾಗಿನಿಂದ ಈ ಹೊತ್ತಿನವರೆಗೆ ನಾನು ಆಡಿದ ಮಾತು ಮೂರು: "ಒಂದು ತಿಕೋಟಾ", "ಇಲ್ಲ", "ಹೂಂ".

ಬಣ್ಣ ಹಸಿರು. ಎಂಟೂವರೆ ತಿಂಗಳು ಬಾಕಿ.

೩ ಫೆಬ್ರವರಿ

ನಿಧಿಯಿಂದ ಎಲ್ಲರ ಫಾರ್ಮಿಗೂ ಉತ್ತರ ಬಂತು. ಬೀರಣ್ಣನದನ್ನು ನಾನೇ ಓದಿ ಹೇಳಬೇಕಾಯಿತು: ದಮ್ಮು ಹಿಂದಿನ ಬೇನೆಯಾದ್ದರಿಂದ ಅದಕ್ಕೆ ಔಷಧವಾಗಲಿ ದವಾಖಾನೆಯಾಗಲಿ ನಿಧಿಯಿಂದ ಸಿಗದು.

"ಖರೇ ಹೇಳಿದ್ದಕ್ಕ ಹಿಂಗ ಆತೇನ್ರಿ?"

ಮಲಕಾಜಪ್ಪ ಒಳಗಿನಿಂದಲೇ ಕೂಗಿದರು, "ಲೇ ಬೀರ್ಯಾ, ನಿನಗ ಯಾರಲೇ ಖರೇ ಹೇಳಂದಿದ್ರು? ಇಲ್ಲ ಅಂತ ಬಡದ ಹಾಕಬೇಕಿತ್ತಲಾ! ಸಾಹೇಬರು ನೋಡು, ಬಿ.ಎ. ಕಲತವರು, ಒಂದ ಬ್ಯಾನಿ ಹತ್ತರಕ ಬಿಟಗೊಂಡಿಲ್ಲ."

ಎಲ್ಲರೂ ನಕ್ಕರು. ಬೀರಣ್ಣನೂ ನಕ್ಕ, ನಗು ಕೆಮ್ಮಾಯಿತು. ನಾನು ದೌತಿಯ ಮುಚ್ಚಳ ತಿರುವುತ್ತ ಕೂತಿದ್ದೆ.

೧೮ ಮಾರ್ಚ್

ಬುಡ್ಡೇಸಾಬನಿಗೆ ಜಿಪುಣತನ ಬಂದಂತಿದೆ. ಒಂದು ತಿಂಗಳಿಂದ ಚಹಾದಲ್ಲಿ ಸಕ್ಕರೆಯೇ ಇರುವುದಿಲ್ಲ. ಉಳಿದವರು ಹೇಗೆ ಸುಮ್ಮನೆ ಕುಡಿಯುತ್ತಾರೋ. ನನಗೇನು, ಒಳ್ಳೆಯದೇ ಆಯಿತು. ದೇವರು ಜಿಪುಣರನ್ನೂ ಒಂದು ಕಾರಣಕ್ಕೇ ಹುಟ್ಟಿಸಿರುತ್ತಾನೆ.

ಪೀರಾಂಬಿ ಖಾಲಾಳ ಸಿಟ್ಟು ಮಾತ್ರ ಇಳಿದಿಲ್ಲ. ಬಾಗಿಲು ತೆರೆದಿದ್ದಾಳೆ, ರೊಟ್ಟಿಯೂ ಕೊಡುತ್ತಾಳೆ, ಆದರೆ ಅದರ ಜೊತೆ ದಿನಾ ಹಾಗಲಕಾಯಿ, ಇಲ್ಲವೆ ಮೆಂತ್ಯೆಪಲ್ಯ. ಆಡಿನ ಸೇಡನ್ನು ನಾಲಿಗೆಯ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ.

ಸಿಹಿ ಒಲ್ಲದವನಿಗೆ ಶಿಕ್ಷೆ:
ಕಹಿಯೇ ಇನ್ನು ದಿನದ ಭಿಕ್ಷೆ.

ಬಣ್ಣ ವಾರದಿಂದ ನೀಲಿ-ಹಸಿರು. ಯಾಕೋ ತಿಳಿಯದು. ಹವೆ ಹಿಡಿಸಿರಬೇಕು.

ಬೀರಣ್ಣ ಈಚೆಗೆ ಮಧ್ಯಾಹ್ನ ನನ್ನ ಮೇಜಿನ ಹತ್ತಿರವೇ ಬುತ್ತಿ ಬಿಚ್ಚುತ್ತಾನೆ. ಏನೂ ಕೇಳುವುದಿಲ್ಲ. ನನ್ನ ಪದ್ಧತಿಗೆ ಇದು ಬಾಧಕವಲ್ಲ ಎಂದು ಬಿಟ್ಟಿದ್ದೇನೆ. ನಿನ್ನೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಎರಡು ಸಲ ಗೋದಾಮಿನ ಕಡೆ ನೋಡಿಬಂದೆ, ನೊಣಗಳು ಹೆಚ್ಚಾಗಿವೆಯೋ ಎಂದು ನೋಡುವ ನೆವದಲ್ಲಿ.

೨೭ ಏಪ್ರಿಲ್

ಬಿಸಿಲು. ಉಸುಕಿಗೆ ಎರಡು ಹೊತ್ತು ನೀರು ಹಾಕಿದರೂ ಗಡಿಗೆ ಬಿಸಿಯಾಗುತ್ತದೆ. ಔಷಧ ಸತ್ವ ಕಳೆದುಕೊಂಡಿರಬೇಕು. ಬಣ್ಣ ಕಿತ್ತಳೆ. ಕಿತ್ತಳೆಗೆ ಹಿತ್ತಾಳೆ ಬಿಟ್ಟರೆ ಪ್ರಾಸ ಹೊಳೆಯಲಿಲ್ಲ, ಹಿತ್ತಾಳೆಗೆ ಅರ್ಥ ಹೊಳೆಯಲಿಲ್ಲ.

ಚಪ್ಪಲಿ ಕಚ್ಚಿ ಹೆಬ್ಬೆರಳಿಗೆ ಬೊಬ್ಬೆ. ನೋವೇ ಇಲ್ಲ, ಅದೊಂದು ಅನುಕೂಲ.

೧೯ ಜೂನ್

ನಿಧಿಯ ನಿಯಮಗಳನ್ನು ಪ್ರತಿ ಮಾಡಿ ಗೋಡೆಗೆ ಹಚ್ಚಬೇಕೆಂದು ಪತ್ರ ಬಂದಿತ್ತು. ಬರೆಯುತ್ತ ಹೋದೆ. ಹನ್ನೊಂದನೆಯ ನಿಯಮ: "ಕೆಲಸದಿಂದಲೇ ಉಂಟಾದ ಬೇನೆಯು ಹಿಂದಿನ ಬೇನೆಯೆಂದು ಪರಿಗಣಿಸಲ್ಪಡುವುದಿಲ್ಲ."

ಎರಡು ಸಲ ಓದಿದೆ.

ಚೀಲ ಒಡೆದದ್ದು, ಪುಡಿ ಮುಖದ ಮೇಲೆ ಬಿದ್ದದ್ದು, ಎಲ್ಲ ಬೀರಣ್ಣ ಹೇಳಿದ್ದ. ನಾನು ಎರಡು ಅಕ್ಷರ ಬರೆದೆ. ಈಗ ತಿದ್ದಬಹುದು. ತಿದ್ದಬೇಕಾದರೆ ಫಾರ್ಮು ಬರೆದವನು ತಪ್ಪಾಯಿತೆಂದು ಸಹಿ ಮಾಡಬೇಕು. ಸಹಿ ಮಾಡಿದರೆ ನನ್ನ ಕೈಯಿಂದ ಹೋದ ಫಾರ್ಮುಗಳನ್ನೆಲ್ಲ ನಿಧಿಯವರು ಮತ್ತೆ ತಪಾಸಣೆಗೆ ಹಾಕುತ್ತಾರೆ. ನನ್ನದನ್ನೂ.

ಇನ್ನು ಮೂರೂವರೆ ತಿಂಗಳು ಅಷ್ಟೇ. ಆಮೇಲೆ ನೋಡೋಣ. ಅವನಿಗೇನೂ ಅವಸರವಿಲ್ಲ, ಇಷ್ಟು ದಿನ ಇದ್ದಾನೆ.

ನಿಯಮಗಳನ್ನು ಗೋಡೆಗೆ ಹಚ್ಚಿದೆ. ಅವನಿಗೆ ಓದಲು ಬರುವುದಿಲ್ಲ.

೨೦ ಜುಲೈ

ಮೇಜನ್ನು ಕಿಟಕಿಯ ಕಡೆ ಸರಿಸಿಕೊಂಡೆ. ಗೋದಾಮಿನ ಸದ್ದು ಕೇಳುತ್ತದೆ. ಚೀಲ ಬೀಳುವ ಸದ್ದಲ್ಲ, ಕೆಮ್ಮು.

ಬಣ್ಣ ನೋಡಲಿಲ್ಲ.

೬ ಆಗಸ್ಟ್

ನಾಳೆಯಿಂದ ರೋಜಾ. ಬೇನೆ ಇದ್ದವರಿಗೆ ಉಪವಾಸ ಮಾಫಿ ಇದೆ, ಆದರೆ ನನಗೆ ಬೇನೆ ಇಲ್ಲವಲ್ಲ, ಬರೆದುಕೊಟ್ಟಿದ್ದೇನೆ. ಆರೋಗ್ಯವಂತ ಮುಸಲ್ಮಾನ, ಹೆಂಡಿರು ಮಕ್ಕಳ ಕಾಟವಿಲ್ಲ, ಬಿಸಿಲು ಕಳೆದಿದೆ. ರೋಜಾ ಹಿಡಿಯದೆ ಇರಲು ಏನು ನೆವ? ಬುಡ್ಡೇಸಾಬ ಈ ತಿಂಗಳು ಹಗಲು ಅಂಗಡಿ ಅರ್ಧ ಮುಚ್ಚುತ್ತಾನೆ. ನಾನೊಬ್ಬ ಬುತ್ತಿ ಬಿಚ್ಚಿ ಕೂತರೆ ಕೇಳಿಯೇ ಕೇಳುತ್ತಾರೆ.

ಹಿಡಿಯುತ್ತೇನೆ. ಸೂಜಿ ಅರ್ಧ ಮಾಡುತ್ತೇನೆ. ಎರಡು ತಿಂಗಳೂ ಉಳಿದಿಲ್ಲ.

೧೨ ಆಗಸ್ಟ್

ಈ ಅಕ್ಷರ ನನ್ನದಲ್ಲ ಅನ್ನಿಸುತ್ತದೆ.

ಮೊನ್ನೆ ಗುರುವಾರ ನಾಲ್ಕನೆಯ ರೋಜಾ. ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಎರಡೆರಡಾಗಿ ಕಂಡವು. ಬೆವರು. ಆಮೇಲಿನದು ನನಗೆ ನೆನಪಿಲ್ಲ, ಮಲಕಾಜಪ್ಪ ಹೇಳಿದ್ದು: ನಾನು ಎದ್ದು ನಿಂತು ಅವರ ಹೆಸರಿಗೆ ಪ್ರಾಸ ಕಟ್ಟುತ್ತ ಮೇಜು ಬಡಿಯುತ್ತಿದ್ದೆನಂತೆ. "ಏನೇನ ಅಂದ್ರಿ ಅನ್ನೂದ ನಾ ಹೇಳಾಂಗಿಲ್ರಿ. ಒಂದೆರಡ ಚಲೋ ಇದ್ದುವು."

ಬಿದ್ದೆ. ಕಣ್ಣು ಬಿಟ್ಟಾಗ ಬಾಯಿ ತುಂಬ ಸಕ್ಕರೆ. ಬೀರಣ್ಣ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ವಸಡಿಗೆ ತಿಕ್ಕುತ್ತಿದ್ದ.

"ನುಂಗ್ರಿ, ನುಂಗ್ರಿ. ರೋಜಾ ಮುರೀಲಿ, ಮನಶ್ಯಾ ಉಳೀಲಿ."

"ನಿನಗ ಹೆಂಗ ಗೊತ್ತ?" ಅಂದೆನಂತೆ.

"ಪೀರಾಂಬಿ ಆಯಿ ಹೇಳ್ಯಾಳ್ರಿ. ತಲಿ ತಿರಗಿ ಬಿದ್ರ ಬಾಯಾಗ ಸಕ್ಕರಿ ಹಾಕಂತ. ಐದ ತಿಂಗಳಾತು, ಪುಡಕಿ ಕಿಸೆದಾಗ ಇಟಗೊಂಡ ಅಡ್ಡ್ಯಾಡಾಕತ್ತೀನಿ. ಎರಡ ಸಲ ಇರಿವಿ ತಿಂದುವು. ಮತ್ತ ತುಂಬೀನಿ."

ಸಕ್ಕರೆ ಎಲ್ಲಿಂದ ತಂದೆ ಎಂದು ಕೇಳಿದೆ. ಬುಡ್ಡೇಸಾಬ ಕೊಟ್ಟದ್ದಂತೆ, ನನ್ನ ಕಪ್ಪಿಗೆ ಹಾಕದೆ ಉಳಿಸಿದ್ದು.

ಖಾಲಾಗೆ ಬಚ್ಚಲಿನಲ್ಲಿ ನನ್ನ ಮೂತ್ರಕ್ಕೆ ಮುತ್ತಿದ ಇರುವೆಗಳಿಂದಲೇ ತಿಳಿದಿತ್ತು. ಅವಳ ಗಂಡ ಹೋದದ್ದು ಇದೇ ಬೇನೆಯಿಂದ. ಗಡಿಗೆಯ ಮುಚ್ಚಳವನ್ನೂ ತೆಗೆದು ನೋಡಿದ್ದಾಳೆ. ಆಫೀಸಿಗೆ ಓಡಿ ಬಂದವಳು ನನ್ನನ್ನು ನಮ್ಮ ಮನೆಮಾತಿನಲ್ಲಿ ಕಾಲು ತಾಸು ಬೈದಳು. ಕೊನೆಗೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ, "ರೋಜಾ ಯಾರ ಸಲುವಾಗಿ ಹಿಡದಿದ್ದಿ ಬೇಟಾ? ಅಲ್ಲಾನ ಸಲುವಾಗೋ, ಆ ನಿಧಿ ಸಲುವಾಗೋ?"

ಉತ್ತರ ಬೆರಳಗಲದ ಜಾಗದಲ್ಲಿ ಹಿಡಿಯುವಂಥದು.

೧೩ ಆಗಸ್ಟ್

ಹೆಬ್ಬೆರಳಿನ ಹುಣ್ಣನ್ನು ಖಾಲಾ ಬಿಸಿನೀರಿನಲ್ಲಿ ತೊಳೆದು ಕಟ್ಟಿದಳು. ಇದು ಇಷ್ಟು ದೊಡ್ಡದಿದೆ ಎಂದು ನಾನು ನೋಡಿಯೇ ಇರಲಿಲ್ಲ.

ಸಂಜೆ ಬೀರಣ್ಣ ಬಂದು ಬಾಗಿಲಲ್ಲಿ ಕೂತು ಹೋದ. ಅವನು ಇರುವಷ್ಟು ಹೊತ್ತೂ ಹನ್ನೊಂದನೆಯ ನಿಯಮ ನನ್ನ ನಾಲಿಗೆಯ ತುದಿಯಲ್ಲಿತ್ತು. ಕುರಿಗಳ ಬಗ್ಗೆ ಮಾತಾಡಿದೆವು.

೨೮ ಸೆಪ್ಟೆಂಬರ್

ಹತ್ತು ತಿಂಗಳು ತುಂಬಲು ಎರಡು ದಿನ. ನಿಧಿಯಿಂದ ಕೊನೆಯ ಕಾಗದ ಬಂತು: "ಈ ಅವಧಿಯಲ್ಲಿ ಮೇಲ್ಕಂಡವರಿಗೆ ಹಿಂದಿನ ಯಾವುದೇ ಬೇನೆ ಕಂಡುಬಂದಿಲ್ಲ." ಕೆಳಗೆ ನನ್ನ ಸಹಿ ಬೇಕು, ಇಬ್ಬರು ಸಾಕ್ಷಿಗಳದೂ ಬೇಕು.

ಮಲಕಾಜಪ್ಪ ಪೆನ್ನಿನ ಟೋಪಿ ತೆಗೆದು ಸಿದ್ಧವಾಗಿದ್ದರು. "ಮಾಡ್ರಿ ಸಹಿ. ಒಬ್ಬ ಸಾಕ್ಷಿ ನಾ. ಇನ್ನೊಬ್ಬ… ಏ ಬೀರ್ಯಾ, ಬಾ ಇಲ್ಲೆ, ಹೆಬ್ಬಟ್ಟ ಒತ್ತು."

"ನಿಮಗ ಗೊತ್ತೈತಲ್ರಿ," ಅಂದೆ.

"ಏನ ಗೊತ್ತೈತಿ? ರೋಜಾದಾಗ ಒಬ್ಬರಿಗೆ ಚಕ್ಕರ ಬಂದಿತ್ತು. ಯಾರಿಗೆ ಬರಾಂಗಿಲ್ಲ?"

ಬೀರಣ್ಣ ಬಂದ. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಹೆಬ್ಬೆರಳನ್ನು ಮಸಿಯ ಗಾದಿಗೆ ಒತ್ತಿ, ಮೇಲೆತ್ತಿ ಹಿಡಿದುಕೊಂಡು, "ಎಲ್ಲಿ ಒತ್ತಲಿ ತೋರಸ್ರಿ," ಅಂದ. "ನಂದಂತೂ ಖರೇ ಹೇಳಿ ಕೆಟ್ಟತು. ನಿಮ್ದರ ಆಗಲಿ."

ನಾನು ಜಾಗ ತೋರಿಸಲಿಲ್ಲ. ಗೋಡೆಯ ಕಾಗದದ ಹತ್ತಿರ ಹೋಗಿ ಹನ್ನೊಂದನೆಯ ನಿಯಮವನ್ನು ಓದಿದೆ. ಅದರ ಅರ್ಥ ಹೇಳಿದೆ. ಅವನು ಹೇಳಿದ್ದೆಲ್ಲವನ್ನೂ ಬರೆದಿದ್ದರೆ ಔಷಧ ಸಿಗುತ್ತಿತ್ತು, ನಾನು ಬರೆಯಲಿಲ್ಲ, ಆಮೇಲೆ ತಿಳಿದರೂ ಬಾಯಿಬಿಡಲಿಲ್ಲ ಎಂದೆ.

ಅವನು ಬೆರಳನ್ನು ಹಾಗೇ ಹಿಡಿದಿದ್ದ. "ಯಾವಾಗ ತಿಳೀತ್ರಿ ನಿಮಗ?"

"ಜೂನದಾಗ."

"ಅಂದ್ರ ಕಾರಹುಣ್ಣಿವಿ ಹೊತ್ತಿಗೆ?"

"ಹೂಂ."

"ಆವಾಗ ಭಾಳ ಹತ್ತಿತ್ರಿ ದಮ್ಮ," ಅಂದ. ಅಷ್ಟೇ ಅಂದ. ಬೈದಿದ್ದರೆ ಬರೆದುಕೊಳ್ಳುತ್ತಿದ್ದೆ.

ಮಲಕಾಜಪ್ಪ ಪೆನ್ನಿಗೆ ಟೋಪಿ ಹಾಕಿದರು. ಬೀರಣ್ಣ ಹೆಬ್ಬೆರಳಿನ ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಂಡು ಹೊರಗೆ ಹೋದ. ಹೋದನೆಂದೇ ತಿಳಿದೆ. ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿದು ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಬರೀರಿ ಮತ್ತ. ಈ ಸಲ ನಡುವ ಬಾಯಿ ಹಾಕಬ್ಯಾಡ್ರಿ."

ಹಾಕಲಿಲ್ಲ. ಚೀಲ ಒಡೆದದ್ದು ಶ್ರಾವಣದಲ್ಲಿ, ಆರು ವರ್ಷದ ಹಿಂದೆ. ಅವತ್ತು ಕಣ್ಣು ತೊಳೆಯಲು ನೀರು ಕೊಟ್ಟವನು ಬುಡ್ಡೇಸಾಬ. ಅಲ್ಲಿಯವರೆಗೆ ಬೀರಣ್ಣ ಕಣದಲ್ಲಿ ಹಂತಿಯ ಹಾಡು ಹೇಳುತ್ತಿದ್ದನಂತೆ, ರಾಶಿಯ ಕಾಲಕ್ಕೆ ಸುತ್ತಲಿನ ಹಳ್ಳಿಯವರು ಕರೆಸುತ್ತಿದ್ದರಂತೆ. ಆಮೇಲೆ ಉಸಿರು ಸಾಲಲಿಲ್ಲ. ಅದನ್ನೂ ಬರೆದೆ. ನಾಲ್ಕು ಹಾಳೆ ಆಯಿತು. ಬರೆದವನ ತಪ್ಪಿನಿಂದ ಮೊದಲ ಫಾರ್ಮು ಅಪೂರ್ಣವಾಗಿತ್ತು ಎಂದು ಕೆಳಗೆ ಸಹಿ ಮಾಡಿದೆ.

ನನ್ನದಕ್ಕೆ ಬೇರೆ ಹಾಳೆ: ಸಕ್ಕರೆ ಬೇನೆ, ಆರು ವರ್ಷದಿಂದ. "ಇಲ್ಲ" ಎಂದು ಬರೆದದ್ದು ಸುಳ್ಳು.

"ಇಬ್ಬರೂ ಕೂಡಿ ನನ್ನ ನೌಕರಿಗೆ ಕಲ್ಲ ಹಾಕತೀರಿ," ಎಂದು ಮಲಕಾಜಪ್ಪ ಎರಡೂ ಲಕೋಟೆಗಳನ್ನು ತಾವೇ ಟಪಾಲಿಗೆ ಒಯ್ದರು.

೨೩ ಅಕ್ಟೋಬರ್, ವಿಜಾಪುರ–ತಿಕೋಟಾ

ನಿಧಿಯ ಉತ್ತರ ಕಳೆದ ವಾರ ಬಂದಿತ್ತು. ನನಗೆ: ಸಕ್ಕರೆ ಬೇನೆಗೆ ಎಂದಿಗೂ ಇಲ್ಲ, ಸುಳ್ಳು ಹೇಳಿದ್ದಕ್ಕೆ ಉಳಿದ ಬೇನೆಗಳಿಗೂ ಒಂದು ವರ್ಷ ಇಲ್ಲ. ಒಂದು ವರ್ಷ ಜ್ವರ ಕೂಡ ಬರದಂತೆ ನೋಡಿಕೊಳ್ಳಬೇಕು. ಬೀರಣ್ಣನಿಗೆ: ವಿಜಾಪುರದ ದವಾಖಾನೆಯಲ್ಲಿ ಎದೆ ತಪಾಸಣೆ ಮಾಡಿಸತಕ್ಕದ್ದು, ಆಮೇಲೆ ತೀರ್ಮಾನ.

ಇನ್ನು ಅಡಗಿಸುವುದು ಏನಿದೆ ಎಂದು ನಾನೂ ಅವನ ಜೊತೆ ಹೊರಟೆ. ಸರಕಾರಿ ದವಾಖಾನೆಯಲ್ಲಿ ಇನ್ಸುಲಿನ್ ಕೆಲವು ತಿಂಗಳು ಇರುತ್ತದೆ, ಕೆಲವು ತಿಂಗಳು ಇರುವುದಿಲ್ಲವಂತೆ. ಇಲ್ಲದ ತಿಂಗಳ ಮಾತು ಆಗ ನೋಡಬೇಕು. ಖಾಲಾ ಇಬ್ಬರಿಗೂ ರೊಟ್ಟಿ ಕಟ್ಟಿದ್ದಳು. ಇವನು ನಾಲ್ಕು ಹೆಜ್ಜೆಗೊಮ್ಮೆ ಉಸಿರಿಗಾಗಿ ನಿಲ್ಲುತ್ತಾನೆ, ನಾನು ಹೆಬ್ಬೆರಳಿನ ಕಟ್ಟು ಸರಿಮಾಡಿಕೊಳ್ಳಲು ನಿಲ್ಲುತ್ತೇನೆ. ಬಸ್ ಸ್ಟ್ಯಾಂಡಿನಿಂದ ದವಾಖಾನೆ ಮುಟ್ಟುವುದರಲ್ಲಿ ಪಾಳಿ ಉದ್ದವಾಗಿಬಿಟ್ಟಿತ್ತು.

ಕೊನೆಗೆ ಕಿಟಕಿ ಮುಟ್ಟಿದೆವು. ಒಳಗೆ ಚೀಟಿ ಬರೆಯುವವನು, ಅಕ್ಷರ ಕೋಳಿ ಕೆದರಿದಂತಿದೆ, ತಲೆಯೆತ್ತಿ ನೋಡಿದ. ನಾನು ಬೀರಣ್ಣನ ರಟ್ಟೆ ಹಿಡಿದಿದ್ದೆ. ಅವನು ನನ್ನ ಭುಜ ಹಿಡಿದಿದ್ದ.

"ಇಬ್ಬರಾಗ ಪೇಷಂಟ್ ಯಾರ್ರಿ? ಜೋಡಿ ಬಂದವರ ಯಾರು?"

ಬೀರಣ್ಣ ಉಸಿರು ಎಳೆದುಕೊಂಡು ಹೇಳಿದ:

"ದಿನಕ್ಕೊಬ್ಬರು ಪಾಳಿ ಹಚ್ಚೀವ್ರಿ."